ಸೋತವರ ಗೇಣಿ ಪುಸ್ತಕ

ಎಡಿನ್‌ಬರೊದ ಪ್ರಿನ್ಸಸ್ ಸ್ಟ್ರೀಟ್ ಪೂರ್ವಕ್ಕೆ ಮುಗಿಯುವ ಜಾಗದಲ್ಲಿ ಒಂದು ದೊಡ್ಡ ಕಲ್ಲಿನ ಕಟ್ಟಡ ಇದೆ. ಮುಂದೆ ಕುದುರೆ ಮೇಲೆ ಕೂತ ವೆಲಿಂಗ್ಟನ್ ಪ್ರತಿಮೆ. ನಮ್ಮ ಶ್ರೀರಂಗಪಟ್ಟಣದ ಆರ್ಥರ್ ವೆಲ್ಲೆಸ್ಲಿಯೇ ಇವನು. ಪ್ರವಾಸಿಗಳು ಪ್ರತಿಮೆಯ ಫೋಟೊ ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಹಿಂದಿರುವ ಕಟ್ಟಡ ಏನು ಅಂತ ಕೇಳುವವರು ಕಮ್ಮಿ. ಅದು ಜನರಲ್ ರಿಜಿಸ್ಟರ್ ಹೌಸ್, ಸ್ಕಾಟ್ಲೆಂಡಿನ ಸರ್ಕಾರಿ ದಾಖಲೆಗಳ ಮನೆ.

ಒಳಗೆ ಕೂತು ಹಳೆ ಕಾಗದ ಓದಬೇಕಾದರೆ ಓದುಗರ ಚೀಟಿ ಮಾಡಿಸಿಕೊಳ್ಳಬೇಕು. ಗುರುತಿಗೆ ಒಂದು ದಾಖಲೆ, ವಿಳಾಸಕ್ಕೆ ಒಂದು ದಾಖಲೆ ತೋರಿಸಿದರೆ ಆಯಿತು. ಪ್ರೊಫೆಸರ್ ಆಗಿರಬೇಕು, ಪಿಎಚ್‌ಡಿ ಮಾಡುತ್ತಿರಬೇಕು ಅಂತೇನೂ ಇಲ್ಲ. ನಾನು ಇದೇ ಊರಿನಲ್ಲಿ ಆಫೀಸ್ ಕೆಲಸ ಮಾಡುವವನು, ರಜೆ ಹಾಕಿ ಓದೋಕೆ ಬಂದಿದ್ದೇನೆ ಅಂದೆ. ಆಚೆ ಕೂತಿದ್ದ ಹೆಂಗಸಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಬ್ಯಾಗು, ಕೋಟು, ನೀರಿನ ಬಾಟಲಿ ಎಲ್ಲ ಲಾಕರಿಗೆ. ಪೆನ್ನೂ ಅಲ್ಲೇ. ಒಳಗೆ ಪೆನ್ಸಿಲ್ ಮಾತ್ರ. ಮುನ್ನೂರು ವರ್ಷದ ಕಾಗದದ ಮೇಲೆ ಒಂದು ಹನಿ ಶಾಯಿ ಬಿದ್ದರೂ ಅದು ಹೋಗುವುದಿಲ್ಲವಲ್ಲ.

ನಾನು ಹುಡುಕುತ್ತಿದ್ದದ್ದು ಒಬ್ಬ ಮನುಷ್ಯನ ಜಾಡು. ಜಾನ್ ಮೆಕೆಂಜಿ, ಲಾರ್ಡ್ ಮೆಕ್ಲೌಡ್ ಅಂತ ಕರೆಯುತ್ತಿದ್ದರು. ದರಿಯಾ ದೌಲತ್ತಿನ ಗೋಡೆ ಮೇಲಿರುವ ಪೊಲ್ಲಿಲೂರು ಯುದ್ಧದ ಚಿತ್ರ ಮೈಸೂರು ಕಡೆಯವರಿಗೆ ಗೊತ್ತು. ಪಲ್ಲಕ್ಕಿಯಲ್ಲಿ ಬ್ರಿಟಿಷ್ ದಳದ ನಾಯಕ ಕರ್ನಲ್ ಬೇಲಿ, ಸುತ್ತ ಕೆಂಪು ಕೋಟಿನ ಸಿಪಾಯಿಗಳು, ನಾಲ್ಕೂ ಕಡೆಯಿಂದ ಹೈದರ್ ಮತ್ತು ಟಿಪ್ಪುವಿನ ಕುದುರೆಗಳು. ಆ ದಿನ ಬೇಲಿಯ ಜೊತೆ ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಉತ್ತರದ ಬೆಟ್ಟ ಸೀಮೆಯ, 73ನೇ ರೆಜಿಮೆಂಟಿನ ಎರಡು ಕಂಪನಿಗಳಿದ್ದವು. ಆ ರೆಜಿಮೆಂಟ್ ಕಟ್ಟಿದವನು ಈ ಮೆಕ್ಲೌಡ್. ಅವನ ಬಗ್ಗೆ ಓದುತ್ತಾ ಹೋದರೆ ಒಂದು ವಿಚಿತ್ರ ಸಂಗತಿ ಸಿಕ್ಕಿತು. ಇನ್ನೂ ಇಪ್ಪತ್ತು ತುಂಬುವ ಮೊದಲೇ ಇವನು ಬ್ರಿಟಿಷ್ ರಾಜನ ವಿರುದ್ಧ ದಂಗೆ ಎದ್ದಿದ್ದ. ಸಿಕ್ಕಿಬಿದ್ದು ಲಂಡನ್ ಟವರಿನಲ್ಲಿ ಕೈದಿಯಾಗಿದ್ದ. ಅಂಥವನು ಅದೇ ರಾಜಮನೆತನದ ಪರವಾಗಿ ಹೈದರನ ಮೇಲೆ ಯುದ್ಧಕ್ಕೆ ಬಂದದ್ದು ಹೇಗೆ? ಉತ್ತರ ಈ ಕಟ್ಟಡದ ಪೆಟ್ಟಿಗೆಗಳಲ್ಲಿ ಇರಬೇಕು ಅನ್ನಿಸಿತು.

ದಂಗೆಯ ಕಥೆ ಬೇಗ ಹೇಳಿಬಿಡುತ್ತೇನೆ. 1688ರಲ್ಲಿ ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ಮನೆತನದ ಮೊಮ್ಮಗ ಚಾರ್ಲ್ಸ್ ಎಡ್ವರ್ಡ್ 1745ರ ಜುಲೈನಲ್ಲಿ ಫ್ರಾನ್ಸಿನಿಂದ ಬಂದು ಎರಿಸ್ಕೇ ದ್ವೀಪದಲ್ಲಿ ಇಳಿದ. ಆಗಸ್ಟ್ 19ಕ್ಕೆ ಗ್ಲೆನ್‌ಫಿನನ್‌ನಲ್ಲಿ ಬಾವುಟ ಏರಿತು. ಸೆಪ್ಟೆಂಬರಿನಲ್ಲಿ ಎಡಿನ್‌ಬರೊ ಅವನ ಕೈಗೆ ಬಂತು. ಡಿಸೆಂಬರಿನಲ್ಲಿ ಇಂಗ್ಲೆಂಡಿನ ಒಳಗೆ ಡರ್ಬಿವರೆಗೂ ಹೋದ, ಅಲ್ಲಿಂದ ವಾಪಸಾದ. 1746ರ ಏಪ್ರಿಲ್ 16ರಂದು ಇನ್ವರ್ನೆಸ್ ಹತ್ತಿರದ ಕಲ್ಲೋಡನ್ ಬಯಲಿನಲ್ಲಿ ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಜಾಕೊಬೈಟರು, ಅಂದರೆ ಸ್ಟುವರ್ಟರ ಕಡೆಯವರು, ಸುಮಾರು 1500 ಜನ ಸತ್ತರು. ಸರ್ಕಾರದ ಕಡೆ ಸುಮಾರು 50. ಅದು ಸ್ಕಾಟರಿಗೂ ಇಂಗ್ಲಿಷರಿಗೂ ನಡೆದ ಯುದ್ಧ ಅಂತ ಸುಮ್ನೆ ಹೇಳಿಬಿಡುವುದುಂಟು. ಅಲ್ಲ. ಸರ್ಕಾರದ ಸೈನ್ಯದಲ್ಲೂ ಸ್ಕಾಟ್ ಪಡೆಗಳಿದ್ದವು.

ಮೆಕ್ಲೌಡ್ ಮತ್ತು ಅವನ ಅಪ್ಪ ಕ್ರೊಮಾರ್ಟಿಯ ಅರ್ಲ್ ಕಲ್ಲೋಡನ್ ಯುದ್ಧದಲ್ಲಿ ಇರಲೇ ಇಲ್ಲ. ಅದರ ಹಿಂದಿನ ದಿನವೇ ಉತ್ತರದ ಡನ್‌ರಾಬಿನ್ ಕೋಟೆಯಲ್ಲಿ ಸಿಕ್ಕಿಬಿದ್ದಿದ್ದರು. ಅಪ್ಪನಿಗೆ ಮರಣದಂಡನೆ ಆಯಿತು. ಅವನ ಜೊತೆ ಶಿಕ್ಷೆಯಾದ ಕಿಲ್ಮಾರ್ನಕ್ ಮತ್ತು ಬಾಲ್ಮೆರಿನೊ ಇಬ್ಬರ ತಲೆ 1746ರ ಆಗಸ್ಟ್ 18ಕ್ಕೆ ಟವರ್ ಹಿಲ್‌ನಲ್ಲಿ ಬಿತ್ತು. ಕ್ರೊಮಾರ್ಟಿ ಮಾತ್ರ ಉಳಿದ. ಅವನ ಹೆಂಡತಿ ಬಸುರಿ. ರಾಜನ ಕಾಲಿಗೆ ಬಿದ್ದು ಬೇಡಿಕೊಂಡಳು. ಆಮೇಲೆ ಹುಟ್ಟಿದ ಮಗಳ ಕುತ್ತಿಗೆ ಮೇಲೆ ಕೊಡಲಿ ಆಕಾರದ ಮಚ್ಚೆ ಇತ್ತಂತೆ. ಹೀಗೆಂದು ಜನ ಹೇಳಿಕೊಂಡು ಬಂದಿದ್ದಾರೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮಗನಿಗೂ ವಯಸ್ಸು ಚಿಕ್ಕದೆಂದು 1748ರಲ್ಲಿ ಕ್ಷಮೆ ಸಿಕ್ಕಿತು. ಆದರೆ ಜಮೀನಿನ ಮೇಲಿನ ಹಕ್ಕು ಬಿಟ್ಟುಕೊಡಬೇಕು ಅನ್ನುವ ಷರತ್ತಿನ ಮೇಲೆ.

ಆ ಜಮೀನಿನ ಕಾಗದಗಳೇ ನನಗೆ ಬೇಕಾಗಿದ್ದವು.

ಹುಡುಕುವುದು ಕಷ್ಟವಲ್ಲ. ಕ್ಯಾಟಲಾಗ್ ಕಂಪ್ಯೂಟರಿನಲ್ಲಿದೆ. 1745ರ ದಂಗೆ ಆದ ಮೇಲೆ ಮುಟ್ಟುಗೋಲು ಹಾಕಿಕೊಂಡ ಎಸ್ಟೇಟುಗಳ ಕಾಗದಗಳು ಇ 700ರಿಂದ ಶುರುವಾಗುತ್ತವೆ. ಕ್ರೊಮಾರ್ಟಿಯದ್ದು ಇ 746. ಬೇಕಾದ ನಂಬರ್ ಕೊಟ್ಟರೆ ತಂದುಕೊಡುತ್ತಾರೆ. ಕೆಲವು ಊರಾಚೆಯ ಗೋದಾಮಿನಲ್ಲಿರುತ್ತವೆ, ಅವನ್ನು ಮುಂಚೆಯೇ ಹೇಳಿ ತರಿಸಬೇಕು. ಬಂದದ್ದು ರಟ್ಟಿನ ಪೆಟ್ಟಿಗೆ. ಒಳಗೆ ಬಿಳಿ ಪಟ್ಟಿಯಲ್ಲಿ ಕಟ್ಟಿದ ಕಂತೆಗಳು. ಪುಸ್ತಕವಾದರೆ ಸ್ಪಂಜಿನ ಆಸರೆ ಮೇಲೆ ಮಲಗಿಸಿ ಓದಬೇಕು, ಹಾಳೆ ಮಗುಚದಂತೆ ಮೇಲೊಂದು ಮಣಿಸರದ ಥರದ ತೂಕ ಇಡಬೇಕು. ಕಾಗದ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಹಳೆ ಬಟ್ಟೆ ಚಿಂದಿಯಿಂದ ಮಾಡಿದ್ದು ಅದು. ನಮ್ಮ ಮನೆಯಲ್ಲಿರುವ 1980ರ ಪತ್ರಿಕೆಗಳು ಪುಡಿಪುಡಿಯಾಗಿವೆ, ಇವು ಇನ್ನೂ ಸರಬರ ಸದ್ದು ಮಾಡುತ್ತವೆ.

ಓದುವುದು ಬೇರೆ ಮಾತು. ಇಂಗ್ಲಿಷೇ, ಆದರೂ ಮೊದಲ ಬೆಳಿಗ್ಗೆ ಒಂದು ಪುಟವೂ ಸರಿಯಾಗಿ ಸಾಗಲಿಲ್ಲ. ಎಸ್ ಅಕ್ಷರ ಉದ್ದಕ್ಕೆ ಎಳೆದು ಎಫ್ ಥರ ಕಾಣುತ್ತದೆ. ಪದಗಳನ್ನು ಅರ್ಧಕ್ಕೆ ನಿಲ್ಲಿಸಿ ಮೇಲೊಂದು ಚಿಕ್ಕ ಅಕ್ಷರ ಕೂರಿಸುತ್ತಾರೆ. ಒಂದೇ ಊರಿನ ಹೆಸರು ಒಂದೇ ಪುಟದಲ್ಲಿ ಎರಡು ರೀತಿ. ಅದರ ಮೇಲೆ ಹೈಲ್ಯಾಂಡಿನ ಜನರ ಭಾಷೆಯಾದ ಗೇಲಿಕ್‌ನ ಊರ ಹೆಸರುಗಳನ್ನು ಗೇಲಿಕ್ ಬಾರದ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಪಕ್ಕದ ಮೇಜಿನಲ್ಲಿ ಕೂತಿದ್ದ ಒಬ್ಬ ವಯಸ್ಸಾದವರು ನನ್ನ ಪಾಡು ನೋಡಿ ಒಂದು ಉಪಾಯ ಹೇಳಿದರು. ಅರ್ಥ ಹುಡುಕಬೇಡ, ಮೊದಲು ಒಬ್ಬ ಗುಮಾಸ್ತನ ಕೈ ಹಿಡಿ, ಅವನ ಸಹಿ ಇರುವ ಒಂದು ಚಿಕ್ಕ ರಸೀದಿಯನ್ನು ಅಕ್ಷರ ಅಕ್ಷರ ನಕಲು ಮಾಡು ಅಂದರು. ಹಾಗೇ ಮಾಡಿದೆ. ಒಬ್ಬನ ಕೈ ಹಿಡಿತಕ್ಕೆ ಬಂದಮೇಲೆ ಅವನು ಬರೆದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗುಮಾಸ್ತ ಬದಲಾದಾಗ ಮತ್ತೆ ಮೊದಲಿನಿಂದ.

ಆಮೇಲೆ ಲೆಕ್ಕ. ಗೇಣಿ ಪಟ್ಟಿಯ ಒಂದು ಪುಟ ಹೇಗಿರುತ್ತದೆ ಅಂದರೆ, ಎಡಗಡೆ ಹೊಲದ ಹೆಸರು, ಅದರ ಮುಂದೆ ಗೇಣಿದಾರನ ಹೆಸರು, ಆಮೇಲೆ ಸಾಲಾಗಿ ಕಲಮುಗಳು. ದುಡ್ಡಿನಲ್ಲಿ ಎಷ್ಟು, ಹಿಟ್ಟಿನಲ್ಲಿ ಎಷ್ಟು, ಬಾರ್ಲಿ ಎಷ್ಟು, ಟಗರು ಎಷ್ಟು, ಬೆಣ್ಣೆ ಎಷ್ಟು, ಕೋಳಿ ಎಷ್ಟು. ಕಾಳು ಅಳೆಯುವುದು ಬೋಲ್‌ನಲ್ಲಿ. ಒಂದು ಬೋಲ್‌ಗೆ 4 ಫರ್ಲಟ್, ಒಂದು ಫರ್ಲಟ್‌ಗೆ 4 ಪೆಕ್, ಒಂದು ಪೆಕ್‌ಗೆ 4 ಲಿಪ್ಪಿ. ದುಡ್ಡು ಸ್ಕಾಟ್ಸ್ ಪೌಂಡಾ, ಸ್ಟರ್ಲಿಂಗ್ ಪೌಂಡಾ ಅಂತ ಪ್ರತಿ ಸಲ ನೋಡಿಕೊಳ್ಳಬೇಕು. 12 ಸ್ಕಾಟ್ಸ್ ಪೌಂಡಿಗೆ ಒಂದು ಸ್ಟರ್ಲಿಂಗ್. ನೋಡಿಕೊಳ್ಳದಿದ್ದರೆ ಬಡ ರೈತ ಸಾಹುಕಾರನಾಗಿಬಿಡುತ್ತಾನೆ. ಹೆಸರುಗಳೋ, ಒಂದರ ಕೆಳಗೊಂದು ಮೆಕೆಂಜಿ, ಮೆಕೆಂಜಿ, ಮೆಕ್ಲೌಡ್, ಮೆಕೆಂಜಿ. ಗುಮಾಸ್ತನಿಗೂ ತಲೆಕೆಟ್ಟು ಕೆಲವರ ಮುಂದೆ ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿದ್ದಾನೆ.

ಈ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಏನು ಅಂದರೆ, ಏನೂ ಬದಲಾಗಿಲ್ಲ. ಅರ್ಲ್ ಜೈಲಿಗೆ ಹೋದ, ಅವನ ಪದವಿ ಹೋಯಿತು, ಜಮೀನು ರಾಜನದಾಯಿತು. ಟಗರು, ಬೆಣ್ಣೆ, ಕೋಳಿ ಮಾತ್ರ ಹಾಗೇ ಬರುತ್ತಿವೆ. ಕೊಡುವ ಜಾಗ ಬೇರೆ, ಅಷ್ಟೇ. ಕಲ್ಲೋಡನ್ ಅಂದರೆ ಕತ್ತಿ, ಕಂಬಳಿ, ಕಣ್ಣೀರು ಅಂತ ಹಾಡು ಕಟ್ಟಿದ್ದಾರೆ. ಸೋತ ಮೇಲಿನ ನಲವತ್ತು ವರ್ಷ ನಿಜವಾಗಿ ನಡೆದದ್ದು ಈ ಕಲಮುಗಳಲ್ಲಿ.

ದಂಗೆಯ ನಂತರ ಪಾರ್ಲಿಮೆಂಟು ಒಂದರ ಹಿಂದೊಂದು ಕಾಯ್ದೆ ತಂದಿತು. ಆಯುಧ ಇಟ್ಟುಕೊಳ್ಳುವ ಹಾಗಿಲ್ಲ. 1747ರ ಆಗಸ್ಟ್ 1ರಿಂದ ಹೈಲ್ಯಾಂಡಿನವರ ಉಡುಪಾದ ಕಿಲ್ಟು, ಹೊದೆಯುವ ಪ್ಲೇಡು ತೊಡುವ ಹಾಗಿಲ್ಲ. ಮೊದಲ ತಪ್ಪಿಗೆ 6 ತಿಂಗಳು ಜೈಲು, ಎರಡನೇ ತಪ್ಪಿಗೆ 7 ವರ್ಷ ಸಮುದ್ರದಾಚೆಗೆ. ಸೈನ್ಯದಲ್ಲಿರುವವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬ್ಯಾಗ್‌ಪೈಪನ್ನೂ ನಿಷೇಧಿಸಿದ್ದರು ಅಂತ ಇಲ್ಲಿನ ಅಂಗಡಿಗಳಲ್ಲಿ ಮಾರುವ ಟವೆಲ್ ಮೇಲೂ ಬರೆದಿರುತ್ತದೆ. ಕಾಯ್ದೆಯಲ್ಲಿ ಆ ಮಾತೇ ಇಲ್ಲ. ಜೇಮ್ಸ್ ರೀಡ್ ಅನ್ನುವ ಪೈಪ್ ವಾದಕನನ್ನು ಯಾರ್ಕ್‌ನಲ್ಲಿ ಗಲ್ಲಿಗೇರಿಸಿದ್ದು ನಿಜ, ಪೈಪು ಯುದ್ಧದ ಸಾಧನ ಎಂದು ನ್ಯಾಯಾಲಯ ಹೇಳಿದ್ದೂ ನಿಜ. ಆದರೆ ಅದು ದಂಗೆಯ ವಿಚಾರಣೆ, ಸಂಗೀತದ ಮೇಲಿನ ನಿಷೇಧ ಅಲ್ಲ.

ಸಿಪಾಯಿಗಳ ವಿಚಾರಣೆ ಇನ್ನೂ ವಿಚಿತ್ರ. ಮೂರು ಸಾವಿರಕ್ಕೂ ಜಾಸ್ತಿ ಕೈದಿಗಳು. ಎಲ್ಲರನ್ನೂ ವಿಚಾರಣೆ ಮಾಡೋಕೆ ಆಗದು ಅಂತ ಸಾಮಾನ್ಯ ಸಿಪಾಯಿಗಳಲ್ಲಿ ಚೀಟಿ ಎತ್ತಿಸಿದರು. ಇಪ್ಪತ್ತು ಜನರಲ್ಲಿ ಒಬ್ಬನಿಗೆ ಕೋರ್ಟು, ಉಳಿದವರಲ್ಲಿ ಹೆಚ್ಚಿನವರಿಗೆ ಅಮೆರಿಕ ಅಥವಾ ವೆಸ್ಟ್ ಇಂಡೀಸ್ ಹಡಗು. ಸುಮಾರು 120 ಜನ ಗಲ್ಲಿಗೇರಿದರು, 900ಕ್ಕೂ ಹೆಚ್ಚು ಜನ ಸಾಗರ ದಾಟಿದರು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನ್ಯಾಯದಾನದ ಹಕ್ಕಿಗೆ. ಅಲ್ಲಿಯವರೆಗೆ ಸ್ಕಾಟ್ಲೆಂಡಿನ ಜಮೀನ್ದಾರರಿಗೆ ತಮ್ಮ ಸೀಮೆಯಲ್ಲಿ ಕೋರ್ಟು ನಡೆಸುವ ಅಧಿಕಾರ ವಂಶಪಾರಂಪರ್ಯವಾಗಿ ಇತ್ತು. 1748ರ ಮಾರ್ಚ್‌ನಿಂದ ಅದು ಹೋಯಿತು. ಹಾಗೆ ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಕೊಟ್ಟಿತು, ಒಟ್ಟು ಸುಮಾರು 1,52,000 ಪೌಂಡ್. ಅದರಲ್ಲಿ 21,000 ಒಬ್ಬ ಆರ್ಗೈಲ್ ಡ್ಯೂಕನಿಗೇ. ದಂಗೆಯಲ್ಲಿ ಸರ್ಕಾರದ ಕಡೆ ಇದ್ದವನು ಅವನು. ಲಂಡನ್ನಿನಲ್ಲಿದ್ದ ಸ್ಕಾಟ್ಲೆಂಡ್ ಮಂತ್ರಿಯ ಹುದ್ದೆಯನ್ನೂ 1746ರಲ್ಲಿ ಖಾಲಿ ಬಿಟ್ಟರು. ಮತ್ತೆ ಅದನ್ನು ತುಂಬಿದ್ದು 1885ರಲ್ಲಿ. ನಡುವೆ ಈ ದೇಶದ ವ್ಯವಹಾರ ನಡೆದದ್ದು ಆರ್ಗೈಲ್‌ನಂಥವರ ಶಿಫಾರಸಿನ ಮೇಲೆ.

ಮುಟ್ಟುಗೋಲು ಎಸ್ಟೇಟುಗಳಲ್ಲಿ ಹೆಚ್ಚಿನವನ್ನು ಹರಾಜು ಹಾಕಿದರು. 13ನ್ನು ಮಾತ್ರ 1752ರ ಕಾಯ್ದೆಯಿಂದ ಯಾವತ್ತೂ ಮಾರಬಾರದು ಅಂತ ರಾಜನ ಹೆಸರಿಗೆ ಸೇರಿಸಿದರು. ಕ್ರೊಮಾರ್ಟಿ ಅದರಲ್ಲಿ ಒಂದು. ಕಾಯ್ದೆಯ ಉದ್ದೇಶ ಏನು ಗೊತ್ತಾ? ಅಲ್ಲಿನ ಜನರನ್ನು ನಾಗರಿಕರನ್ನಾಗಿ ಮಾಡುವುದು, ಪ್ರಾಟೆಸ್ಟೆಂಟ್ ಧರ್ಮ, ಒಳ್ಳೆ ಆಡಳಿತ, ಕಸುಬು ಕೈಗಾರಿಕೆ ಬೆಳೆಸುವುದು, ರಾಜನಿಗೆ ನಿಷ್ಠೆ ಕಲಿಸುವುದು. ಈ ಧಾಟಿ ನಮಗೆ ಹೊಸದಲ್ಲ, ಅಲ್ವಾ? ನಮ್ಮ ಮೇಲೆ ಬಳಸುವ ಮೊದಲು ಅವರು ಇದನ್ನು ಮನೆಯಲ್ಲೇ ಬಳಸಿದ್ದರು.

ಎಸ್ಟೇಟುಗಳನ್ನು ನೋಡಿಕೊಳ್ಳಲು 1755ರಲ್ಲಿ ಒಂದು ಮಂಡಳಿ ಆಯಿತು. ಎಡಿನ್‌ಬರೊದ ಜಡ್ಜುಗಳು, ಜಮೀನ್ದಾರರು ಅದರ ಸದಸ್ಯರು. ಸಂಬಳ ಇಲ್ಲ. ಅವರು ಮಾಡಿದ ಮೊದಲ ಕೆಲಸ, ಪ್ರತಿ ಎಸ್ಟೇಟಿನ ಮೇಲ್ವಿಚಾರಕನಿಗೆ ಒಂದು ಪ್ರಶ್ನೆಪಟ್ಟಿ ಕಳಿಸಿದ್ದು. ಇಲ್ಲಿ ಅವನನ್ನು ಫ್ಯಾಕ್ಟರ್ ಅನ್ನುತ್ತಾರೆ. ಎಷ್ಟು ಸಂಸಾರ, ಮಕ್ಕಳೆಷ್ಟು, ಇಂಗ್ಲಿಷ್ ಬರುವವರು ಎಷ್ಟು, ನೂಲುವವರು ಎಷ್ಟು, ದನವೆಷ್ಟು, ಕುರಿಯೆಷ್ಟು. ಉತ್ತರಗಳ ಪುಟಗಳನ್ನು ತಿರುವುವಾಗ ನನಗೆ ನಮ್ಮ ಕೈಫಿಯತ್ತುಗಳು, ಅಂದರೆ ಊರೂರಿನ ವಿವರದ ಬರಹಗಳು, ನೆನಪಾದವು. ಹೋಲಿಕೆ ಪೂರ್ತಿ ಸುಮ್ಮನೆ ಬಂದದ್ದಲ್ಲ. 1799ರ ನಂತರ ಮೈಸೂರು ಸೀಮೆಯನ್ನು ಅಳೆದು ಊರೂರಿನ ಕೈಫಿಯತ್ತು ಬರೆಸಿಕೊಂಡ ಕಾಲಿನ್ ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಈ ಸ್ಕಾಟ್ಲೆಂಡಿನ ವಾಯವ್ಯದ ಲೂಯಿಸ್ ದ್ವೀಪದಲ್ಲಿ. ಅವನು ಎಳೆಯ ಮಗುವಾಗಿದ್ದಾಗಲೇ ಅವನ ಕಡಲಿನ ಆಚೆ ದಡದಲ್ಲಿ ಇದೆಲ್ಲ ನಡೆಯುತ್ತಿತ್ತು. ವಿಲಿಯಂ ರಾಯ್ ಸೈನ್ಯದ ಪರವಾಗಿ ಹೈಲ್ಯಾಂಡಿನ ನಕ್ಷೆ ಬರೆದದ್ದೂ ಇದೇ ಹೊತ್ತಿನಲ್ಲಿ, 1747ರಿಂದ 1755ರವರೆಗೆ. ಮೊದಲು ಸೋಲಿಸು, ಆಮೇಲೆ ಅಳೆ, ಆಮೇಲೆ ಎಣಿಸು. ಕ್ರಮ ಎರಡೂ ಕಡೆ ಒಂದೇ.

ಕ್ರೊಮಾರ್ಟಿ ಎಸ್ಟೇಟು ಒಂದೇ ತುಂಡಲ್ಲ. ಪೂರ್ವದ ಕಡಲ ಹತ್ತಿರ ನ್ಯೂ ಟಾರ್ಬಟ್, ನಡುವೆ ಸ್ಟ್ರಾತ್‌ಪೆಫರ್, ಪಶ್ಚಿಮ ತುದಿಯಲ್ಲಿ ಕೋಯಿಗಖ್. ಫ್ಯಾಕ್ಟರ್ ಇದ್ದದ್ದು ಪೂರ್ವದಲ್ಲಿ. ಕೋಯಿಗಖ್ ಬೆಟ್ಟದಾಚೆ. ಅಲ್ಲಿ ಕಲ್ಲು, ಜೌಗು, ದನ, ಹೆರಿಂಗ್ ಮೀನು. ಅಲ್ಲಿಯ ಜನರ ಅರ್ಜಿಗಳೂ ಈ ಕಂತೆಗಳಲ್ಲಿವೆ. ಎಲ್ಲ ಅರ್ಜಿಯೂ ಒಂದೇ ಚೌಕಟ್ಟಿನಲ್ಲಿ ಶುರುವಾಗುತ್ತದೆ. ಮಾನ್ಯ ಕಮಿಷನರುಗಳ ಸನ್ನಿಧಾನಕ್ಕೆ, ಇಂಥ ಊರಿನ ಇಂಥವನು ವಿನಯದಿಂದ ಅರಿಕೆ ಮಾಡುವುದೇನೆಂದರೆ ಅಂತ. ಮುಗಿಯುವುದು, ತಮಗಾಗಿ ಸದಾ ಪ್ರಾರ್ಥಿಸುತ್ತೇನೆ ಅಂತ. ನಡುವಿನ ನಾಲ್ಕು ಸಾಲಿನಲ್ಲಿ ಮಾತ್ರ ಮನುಷ್ಯ ಇರುತ್ತಾನೆ. ಗಂಡ ಸತ್ತ, ಹೊಲ ನನ್ನ ಹೆಸರಿಗೇ ಇರಲಿ. ನದಿ ಹೊಲ ಕೊಚ್ಚಿಕೊಂಡು ಹೋಯಿತು, ಗೇಣಿ ಇಳಿಸಿ. ಅರ್ಜಿದಾರನಿಗೆ ಇಂಗ್ಲಿಷ್ ಬರುವುದಿಲ್ಲ, ಬರೆಯಲೂ ಬರುವುದಿಲ್ಲ. ಬರೆದವನು ಬೇರೆ ಯಾರೋ ಮೇಷ್ಟ್ರೋ ಪಾದ್ರಿಯೋ. ಕೆಳಗೆ ಸಹಿ ಜಾಗದಲ್ಲಿ ನಡುಗುವ ಎರಡು ಅಕ್ಷರ, ಶಾಯಿ ಅಲ್ಲಿ ದಪ್ಪಗೆ ನಿಂತುಬಿಟ್ಟಿರುತ್ತದೆ. ಹಿಂಭಾಗದಲ್ಲಿ ಎಡಿನ್‌ಬರೊದ ಗುಮಾಸ್ತನ ಷರಾ. ಫ್ಯಾಕ್ಟರ್ ಅಭಿಪ್ರಾಯ ಕೇಳಿ. ಅದರ ಕೆಳಗೆ ತಿಂಗಳುಗಳ ನಂತರದ ಇನ್ನೊಂದು ತಾರೀಖು. ಮಂಡಳಿಯವರು ಕೆಟ್ಟವರಲ್ಲ. ನೂಲುವ ಶಾಲೆ ತೆರೆದರು, ಸೇತುವೆಗೆ ದುಡ್ಡು ಕೊಟ್ಟರು, ಕಾಲುವೆ, ರಸ್ತೆ, ಮೇಷ್ಟ್ರ ಸಂಬಳ ಅಂತ ಯೋಚನೆ ಮಾಡಿದರು. ಪರ್ತ್ ಊರಿನ ಸ್ಮೀಟನ್ ಸೇತುವೆ ಇವತ್ತಿಗೂ ಬಸ್ಸು ಲಾರಿ ಹೊರುತ್ತಿದೆ. ಆದರೆ ಪ್ರತಿಯೊಂದಕ್ಕೂ ಲಂಡನ್ನಿನ ಒಪ್ಪಿಗೆ ಬೇಕು. ಮೊದಲ ವರ್ಷಗಳೆಲ್ಲ ಆ ಒಪ್ಪಿಗೆಗೆ ಕಾಯುವುದರಲ್ಲೇ ಹೋದವು.

ಫ್ಯಾಕ್ಟರ್ ಕೆಲಸ ಸುಲಭದ್ದಲ್ಲ ಅನ್ನುವುದಕ್ಕೆ ಕಾಲಿನ್ ಕ್ಯಾಂಬೆಲ್ ಸಾಕ್ಷಿ. ಗ್ಲೆನ್ಯೂರ್ ಊರಿನವನು, ಪಶ್ಚಿಮದಲ್ಲಿ ಆರ್ಡ್‌ಶೀಲ್ ಮುಂತಾದ ಮುಟ್ಟುಗೋಲು ಎಸ್ಟೇಟುಗಳ ಫ್ಯಾಕ್ಟರ್. ಅಲ್ಲಿನ ಗೇಣಿದಾರರು ಸರ್ಕಾರಕ್ಕೆ ಒಂದು ಗೇಣಿ ಕೊಟ್ಟು, ಫ್ರಾನ್ಸಿನಲ್ಲಿ ತಲೆಮರೆಸಿಕೊಂಡಿದ್ದ ತಮ್ಮ ಹಳೆ ದೊರೆಗೆ ಗುಟ್ಟಾಗಿ ಇನ್ನೊಂದು ಗೇಣಿ ಕಳಿಸುತ್ತಿದ್ದರು. ಎರಡು ಗೇಣಿ! ಕೆಲವರನ್ನು ಎಬ್ಬಿಸಬೇಕು ಅಂತ 1752ರ ಮೇ 14ರಂದು ಕ್ಯಾಂಬೆಲ್ ಹೊರಟಿದ್ದ. ಲೆಟರ್‌ಮೋರ್ ಕಾಡಿನಲ್ಲಿ ಯಾರೋ ಬೆನ್ನಿಗೆ ಗುಂಡು ಹೊಡೆದರು. ಹೊಡೆದವನು ಸಿಗಲಿಲ್ಲ. ಸಿಕ್ಕಿದ್ದು ಜೇಮ್ಸ್ ಸ್ಟುವರ್ಟ್, ಕೊಲೆಗೆ ಜೊತೆಗೂಡಿದ ಅನ್ನುವ ಆರೋಪದ ಮೇಲೆ. ವಿಚಾರಣೆ ನಡೆದದ್ದು ಇನ್ವರೇರಿಯಲ್ಲಿ, ಕ್ಯಾಂಬೆಲ್‌ಗಳ ರಾಜಧಾನಿಯಲ್ಲಿ. ಜಡ್ಜ್ ಪೀಠದ ಮೇಲೆ ಕ್ಯಾಂಬೆಲ್ ಕುಲದ ಯಜಮಾನ ಆರ್ಗೈಲ್ ಡ್ಯೂಕ್. 15 ಜನ ಜ್ಯೂರಿಯಲ್ಲಿ 11 ಜನ ಕ್ಯಾಂಬೆಲ್‌ಗಳು. ಜಮೀನ್ದಾರರ ಕೋರ್ಟು ತೆಗೆದು ನಾಲ್ಕು ವರ್ಷವಾಗಿತ್ತು ನೋಡಿ. ನವೆಂಬರ್ 8ಕ್ಕೆ ಬಾಲಖೂಲಿಷ್‌ನಲ್ಲಿ ಜೇಮ್ಸ್‌ನನ್ನು ಗಲ್ಲಿಗೇರಿಸಿದರು, ಹೆಣವನ್ನು ಸರಪಳಿಯಲ್ಲಿ ನೇತುಬಿಟ್ಟು ಸಿಪಾಯಿಗಳನ್ನು ಕಾವಲಿಗೆ ಇಟ್ಟರು. ಗುಂಡು ಹೊಡೆದವರು ಯಾರು ಅನ್ನುವುದು ಇವತ್ತಿಗೂ ಆ ಕಡೆ ಪಬ್ಬುಗಳಲ್ಲಿ ವಾದ ಹುಟ್ಟಿಸುವ ವಿಷಯ.

ಓದಿ ಕಣ್ಣು ಸೋತಾಗ ಹೊರಗೆ ಒಂದು ಸುತ್ತು ಹಾಕಿ ಬರುತ್ತಿದ್ದೆ. ಕಾಗದದಲ್ಲಿ ಓದಿದ್ದೇ ಬೀದಿಯಲ್ಲೂ ಸಿಗುತ್ತದೆ. ಎಡಿನ್‌ಬರೊದ ಹೊಸ ಪಟ್ಟಣಕ್ಕೆ ಜೇಮ್ಸ್ ಕ್ರೇಗ್ 1767ರಲ್ಲಿ ನಕ್ಷೆ ಹಾಕಿದಾಗ ಬೀದಿಗಳಿಗೆ ಇಟ್ಟ ಹೆಸರು ನೋಡಿ. ಜಾರ್ಜ್, ಹ್ಯಾನೋವರ್, ಫ್ರೆಡರಿಕ್, ಕ್ವೀನ್, ಪ್ರಿನ್ಸಸ್. ಪೂರ್ತಿ ರಾಜನ ಸಂಸಾರ. ಜೊತೆಗೆ ಇಂಗ್ಲೆಂಡಿನ ಗುಲಾಬಿಗೆ ಒಂದು ಬೀದಿ, ಸ್ಕಾಟ್ಲೆಂಡಿನ ತಿಸಲ್ ಹೂವಿಗೆ ಒಂದು ಬೀದಿ, ಎರಡೂ ಹಿಂದಿನ ಗಲ್ಲಿಗಳು. ಇಪ್ಪತ್ತೆರಡು ವರ್ಷದ ಹಿಂದೆ ಸ್ಟುವರ್ಟ್ ರಾಜಕುಮಾರನಿಗೆ ಬಾಗಿಲು ತೆರೆದ ಊರು ಇದು. ಆಗಿನ ಮೇಯರ್ ಆರ್ಚಿಬಾಲ್ಡ್ ಸ್ಟುವರ್ಟ್ ಮೇಲೆ ಊರು ಕಾಯಲಿಲ್ಲ ಎಂದು ಮೊಕದ್ದಮೆ ಹೂಡಿದ್ದರು, 1747ರಲ್ಲಿ ಬಿಡುಗಡೆಯಾದ. ಹಳೆ ಊರಿನ ಸಂತೆ ಕಂಬವಾದ ಮರ್ಕ್ಯಾಟ್ ಕ್ರಾಸ್ ಹತ್ತಿರ 1746ರ ಜೂನ್‌ನಲ್ಲಿ, ಕಲ್ಲೋಡನ್‌ನಲ್ಲಿ ಸಿಕ್ಕ ಬಾವುಟಗಳನ್ನು ಸುಟ್ಟರು. ರಾಜಕುಮಾರನ ಬಾವುಟ ಹೊತ್ತವನು ಊರಿನ ಗಲ್ಲು ಹಾಕುವವನು, ಉಳಿದವನ್ನು ಹೊತ್ತವರು ಚಿಮಣಿ ಗುಡಿಸುವ ಹುಡುಗರು. ಊರಿಗೆ ಊರೇ ನಿಷ್ಠೆ ತೋರಿಸಿಕೊಳ್ಳುವ ಅವಸರದಲ್ಲಿತ್ತು.

ಸ್ಟುವರ್ಟರ ಕಡೆ ವಾಲಿದ್ದ, ಬಿಷಪ್ಪರ ಆಡಳಿತದ ಎಪಿಸ್ಕೋಪಲ್ ಚರ್ಚಿನವರಿಗೆ ಆ ಅವಸರ ಸಾಧ್ಯವಾಗಲಿಲ್ಲ. ಪಾದ್ರಿ ಮನೆಯವರನ್ನು ಬಿಟ್ಟು ನಾಲ್ಕು ಜನಕ್ಕಿಂತ ಜಾಸ್ತಿ ಸೇರಿಸಿ ಪ್ರಾರ್ಥನೆ ಮಾಡುವಂತಿಲ್ಲ. ಸ್ಟೋನ್‌ಹೇವನ್ ಜೈಲಿನಲ್ಲಿದ್ದ ಪಾದ್ರಿಗಳು ಕಿಟಕಿ ಸರಳಿನಿಂದಲೇ ಕೈಚಾಚಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದರಂತೆ, ಮೀನುಗಾರ ಹೆಂಗಸರು ಬುಟ್ಟಿಯಲ್ಲಿ ಕೂಸುಗಳನ್ನು ತರುತ್ತಿದ್ದರಂತೆ. ಆ ನಿರ್ಬಂಧ ಹೋದದ್ದು 1792ರಲ್ಲಿ.

ಇನ್ನು ಮೆಕ್ಲೌಡ್ ವಿಷಯ. ಕೈಯಲ್ಲಿ ಕಾಸಿಲ್ಲ, ಜಮೀನಿಲ್ಲ, ಪದವಿ ಇಲ್ಲ. ಸ್ವೀಡನ್ನಿಗೆ ಹೋಗಿ ಅಲ್ಲಿನ ಸೈನ್ಯ ಸೇರಿದ, ದೊಡ್ಡ ಹುದ್ದೆಗೆ ಏರಿದ. ಅಪ್ಪ 1766ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ ಜಮೀನು ವಾಪಸು ಪಡೆಯುವ ದಾರಿಯನ್ನು ಇನ್ನೊಬ್ಬ ತೋರಿಸಿಕೊಟ್ಟಿದ್ದ. ಟವರ್ ಹಿಲ್‌ನಲ್ಲಿ ತಲೆ ಕಳೆದುಕೊಂಡ ಕೊನೆಯವನು ಲಾರ್ಡ್ ಲೋವಟ್, 1747ರಲ್ಲಿ. ಅವನ ಮಗ ಸೈಮನ್ ಫ್ರೇಜರ್ 1757ರಲ್ಲಿ ಅದೇ ರಾಜನಿಗೆ ಒಂದು ರೆಜಿಮೆಂಟ್ ಕಟ್ಟಿಕೊಟ್ಟು ಕೆನಡಾದ ಕ್ವಿಬೆಕ್‌ನಲ್ಲಿ ಹೋರಾಡಿದ. 1774ರಲ್ಲಿ ಅವನಿಗೆ ಜಮೀನು ವಾಪಸು ಸಿಕ್ಕಿತು. ಬೆಲೆ ಏನು ಅಂತ ಎಲ್ಲರಿಗೂ ಗೊತ್ತಾಯಿತು. ಹೈಲ್ಯಾಂಡಿನ ಹುಡುಗರನ್ನು ತಂದುಕೊಡಬೇಕು. ಕಿಲ್ಟು ತೊಡಲು ಅವಕಾಶ ಇದ್ದ ಏಕೈಕ ಜಾಗ ಸೈನ್ಯ ಅಂದೆನಲ್ಲ, ಆ ಹುಡುಗರು ಸಿಗುವುದೂ ಕಷ್ಟವಾಗಲಿಲ್ಲ.

ಮೆಕ್ಲೌಡ್ 1777ರಲ್ಲಿ ವಾಪಸು ಬಂದು 73ನೇ ರೆಜಿಮೆಂಟ್ ಕಟ್ಟಿದ. ಅಪ್ಪನ ಹಳೆ ಸೀಮೆ ಮತ್ತು ಸುತ್ತಮುತ್ತಲಿನ ಜನ. ನಾನು ಓದುತ್ತಿದ್ದ ಗೇಣಿ ಪಟ್ಟಿಯ ಮನೆಗಳ ಮಕ್ಕಳು. 1780ರ ಜನವರಿಯಲ್ಲಿ ಅವರು ಮದರಾಸಿನಲ್ಲಿ ಇಳಿದರು. ಅಲ್ಲಿ ದಂಡನಾಯಕ ಹೆಕ್ಟರ್ ಮನ್ರೋ. ನಮಗೆ ಗೊತ್ತಿರುವ ಥಾಮಸ್ ಮನ್ರೋ ಅಲ್ಲ, ಇವನು ಬೇರೆ. ಕ್ರೊಮಾರ್ಟಿ ನೆರೆಯ ನೋವಾರ್ ಎಸ್ಟೇಟಿನವನು. 1745ರಲ್ಲಿ ಮನ್ರೋಗಳು ಸರ್ಕಾರದ ಕಡೆ, ಕ್ರೊಮಾರ್ಟಿ ಮೆಕೆಂಜಿಗಳು ದಂಗೆಯ ಕಡೆ. ಆ ನೆರೆಹೊರೆಯವರು ಕಾಂಚೀಪುರದ ಬಿಸಿಲಿನಲ್ಲಿ ಒಂದೇ ಡೇರೆಯಲ್ಲಿ. ಸೆಪ್ಟೆಂಬರ್ 10ರಂದು ಬೇಲಿಯ ದಳ ಪೊಲ್ಲಿಲೂರಿನಲ್ಲಿ ನುಚ್ಚುನೂರಾಯಿತು, ಹತ್ತಿರದಲ್ಲೇ ಇದ್ದ ಮನ್ರೋ ಸಹಾಯಕ್ಕೆ ತಲುಪಲಿಲ್ಲ. ಮೆಕ್ಲೌಡನ ಕ್ಯಾಪ್ಟನ್ ಡೇವಿಡ್ ಬೇರ್ಡ್ ಗಾಯಗೊಂಡು ಸೆರೆಸಿಕ್ಕಿ ಶ್ರೀರಂಗಪಟ್ಟಣದ ಸೆರೆಮನೆಗೆ ಹೋದ. 1784ರವರೆಗೆ ಅಲ್ಲೇ. ಇನ್ವರ್ನೆಸ್ ಹತ್ತಿರದ ಡನೇನ್‌ನ ಬೇಲಿ 1782ರಲ್ಲಿ ಅಲ್ಲೇ ಸತ್ತ. ಗುಂಬಜ್ ಹತ್ತಿರ ಅವನ ಸ್ಮಾರಕ ಇದೆ, ನೀವು ನೋಡಿರಬಹುದು. ಮೆಕ್ಲೌಡ್ ಮನ್ರೋ ಜೊತೆ ಮನಸ್ತಾಪ ಮಾಡಿಕೊಂಡು ಊರಿಗೆ ವಾಪಸಾದ. ಮನ್ರೋ ಊರಿಗೆ ಬಂದಮೇಲೆ ತನ್ನ ಬೆಟ್ಟದ ನೆತ್ತಿಯಲ್ಲಿ ನಾಗಪಟ್ಟಣದ ಕೋಟೆ ಬಾಗಿಲಿನ ಆಕಾರದ ಕಮಾನು ಕಟ್ಟಿಸಿದ. ಫೈರಿಷ್ ಬೆಟ್ಟದ ಮೇಲೆ ಅದು ಈಗಲೂ ನಿಂತಿದೆ, ಜನ ಭಾನುವಾರ ಹತ್ತಲು ಹೋಗುತ್ತಾರೆ.

1784ರಲ್ಲಿ ಪಾರ್ಲಿಮೆಂಟು ಉಳಿದ ಎಸ್ಟೇಟುಗಳನ್ನು ಹಳೆ ಮನೆತನಗಳಿಗೆ ವಾಪಸು ಕೊಟ್ಟಿತು. ಯಾವತ್ತೂ ಮಾರಬಾರದು ಅಂತಿದ್ದದ್ದು ಮೂವತ್ತೆರಡೇ ವರ್ಷ ನಡೆಯಿತು. ಕಿಲ್ಟಿನ ನಿಷೇಧ ಅದಕ್ಕೆ ಎರಡು ವರ್ಷ ಮುಂಚೆಯೇ ಹೋಗಿತ್ತು. ಮೆಕ್ಲೌಡ್ ಎಸ್ಟೇಟಿನ ಮೇಲಿನ ಹಳೆ ಸಾಲಕ್ಕೆ ಸುಮಾರು 19,000 ಪೌಂಡ್ ಕಟ್ಟಿ ಕ್ರೊಮಾರ್ಟಿಯನ್ನು ಬಿಡಿಸಿಕೊಂಡ. 1789ರಲ್ಲಿ ಸತ್ತ. ಅವನ ರೆಜಿಮೆಂಟಿಗೆ ಅಷ್ಟು ಹೊತ್ತಿಗೆ 71 ಅನ್ನುವ ನಂಬರ್ ಬಂದಿತ್ತು. 1791ರ ಅಕ್ಟೋಬರಿನಲ್ಲಿ ನಂದಿ ದುರ್ಗದ ಕೋಟೆ ಗೋಡೆ ಹತ್ತಿದವರಲ್ಲಿ ಅವರೂ ಇದ್ದರು.

ಹೀಗೆ ಎಲ್ಲರೂ ಕಟ್ಟಿದ ಆ ಸಾಲದ ದುಡ್ಡು ಎಲ್ಲಿಗೆ ಹೋಯಿತು ಅಂತ ಹುಡುಕಿದಾಗ ನಗು ಬಂತು. ಫೋರ್ತ್ ಮತ್ತು ಕ್ಲೈಡ್ ಕಾಲುವೆಗೆ 50,000 ಪೌಂಡ್. ಮತ್ತೊಂದು ಪಾಲು ನಾನು ಕೂತಿದ್ದ ಇದೇ ಕಟ್ಟಡಕ್ಕೆ. ರಿಜಿಸ್ಟರ್ ಹೌಸ್ ಕಟ್ಟಲು ಶುರುವಿನಲ್ಲಿ ಕೊಟ್ಟ 12,000 ಪೌಂಡ್ ಕೂಡ ಮುಟ್ಟುಗೋಲು ಎಸ್ಟೇಟುಗಳದ್ದೇ. ರಾಬರ್ಟ್ ಆಡಮ್ 1774ರಲ್ಲಿ ಕೆಲಸ ಶುರು ಮಾಡಿದ, 1779ಕ್ಕೆ ದುಡ್ಡು ಮುಗಿದು ನಿಂತಿತು. ಛಾವಣಿಯಿಲ್ಲದ ಗೋಡೆಗಳನ್ನು ನೋಡಿ ಯುರೋಪಿನಲ್ಲೇ ಭವ್ಯವಾದ ಪಾರಿವಾಳದ ಗೂಡು ಅಂತ ಊರಿನವರು ಆಡಿಕೊಂಡರಂತೆ. ಮತ್ತೆ ಕೆಲಸ ಹಿಡಿದದ್ದು 1785ರಲ್ಲಿ, ಎಸ್ಟೇಟು ವಾಪಸು ಕೊಟ್ಟ ಮರುವರ್ಷ. ಕೋಯಿಗಖ್‌ನ ಟಗರು ಬೆಣ್ಣೆ ಲೆಕ್ಕ ಬರೆದಿಟ್ಟಿರುವ ಪುಸ್ತಕಗಳನ್ನು ಆ ಟಗರು ಬೆಣ್ಣೆ ದುಡ್ಡಿನಿಂದಲೇ ಎದ್ದ ಗೋಡೆಗಳೊಳಗೆ ಇಟ್ಟಿದ್ದಾರೆ. ಯಾವ ಫಲಕದಲ್ಲೂ ಇದನ್ನು ದೊಡ್ಡದಾಗಿ ಬರೆದದ್ದು ನಾನು ಕಾಣಲಿಲ್ಲ.

ಗೇಣಿದಾರರಿಗೆ ಏನು ವಾಪಸು ಸಿಕ್ಕಿತು ಅಂತ ಕೇಳಿದರೆ, ಹಳೆ ಯಜಮಾನನ ಮನೆತನ. ಮಂಡಳಿಯ ಕಾಲದಲ್ಲಿ ಅರ್ಜಿ ಬರೆಯೋಕೆ ಒಂದು ವಿಳಾಸವಾದರೂ ಇತ್ತು, ನಿಧಾನಕ್ಕಾದರೂ ಒಂದು ಷರಾ ಬೀಳುತ್ತಿತ್ತು. 1852-53ರಲ್ಲಿ ಕ್ರೊಮಾರ್ಟಿ ಎಸ್ಟೇಟಿನವರು ಕೋಯಿಗಖ್‌ನಲ್ಲಿ ಜನರನ್ನು ಎಬ್ಬಿಸಲು ಹೋದರು. ಅಲ್ಲಿನ ಹೆಂಗಸರು ಸಮನ್ಸ್ ತಂದವರನ್ನು ಅಡ್ಡಗಟ್ಟಿ, ಕಾಗದ ಕಿತ್ತುಕೊಂಡು ಸುಟ್ಟುಹಾಕಿದರು. ಒಂದು ಸಲವಲ್ಲ, ಮತ್ತೆ ಮತ್ತೆ. ಕೊನೆಗೆ ಎಸ್ಟೇಟಿನವರೇ ಹಿಂದೆ ಸರಿದರು. ನೂರು ವರ್ಷ ವಿನಯದಿಂದ ಅರಿಕೆ ಮಾಡಿದ ಮನೆಗಳವರೇ ಇವರು. ಕ್ರೊಮಾರ್ಟಿ ಮನೆತನದ ಸ್ವಂತ ಕಾಗದಗಳು ಇದೇ ಕಟ್ಟಡದವರ ಸುಪರ್ದಿನಲ್ಲಿವೆ, ಜಿಡಿ 305 ಅನ್ನುವ ನಂಬರಿನಲ್ಲಿ. ಅವನ್ನು ಇನ್ನೂ ಮುಟ್ಟಿಲ್ಲ, ಅಲ್ಲಿ ಗುಮಾಸ್ತರೂ ಬೇರೆ, ಕೈಬರಹವೂ ಬೇರೆ. ಮುಂದಿನ ರಜೆಗೆ ಅದರ ಮೊದಲ ಪೆಟ್ಟಿಗೆ ತರಿಸಬೇಕು.